ಮೂವತ್ತೆರಡನೆಯ ಹೆಸರು

ನವೆಂಬರ್ 3, ಸೋಮವಾರ

ಬೆಳಗಿನ 5.20ರ ಬಸ್ಸು. ನನ್ನ ಟೀಮಿನ ಅತಿಯಾ ಕಿಟಕಿ ಪಕ್ಕದ ಸೀಟು ಹಿಡಿದಿದ್ದಳು, ಎಂದಿನಂತೆ. ರಾಮನಗರದವರೆಗೂ ಇಬ್ಬರಿಗೂ ನಿದ್ದೆ. ನಾವು ಆರಕ್ಕೆ ಲಾಗಿನ್ ಆಗುವಾಗ ಮೆಲ್ಬರ್ನ್‌ನಲ್ಲಿ ಹನ್ನೊಂದೂವರೆ. ವಿಮೆ ಕಂಪನಿ ಅವರದು, ಕ್ಲೇಮ್ ಟೈಪ್ ಮಾಡುವ ಬೆರಳು ನಮ್ಮದು.

ಸರ್ವೆ ಬಂತು. ನಿಮ್ಮ ಲೀಡರ್‌ಗಳ ಮೇಲೆ ನಂಬಿಕೆ ಇದೆಯೇ? ಅನಾನಿಮಸ್ ಅಂತೆ — ನನ್ನ ಐಡಿ ಹಾಕಿ ಲಾಗಿನ್ ಆದ ಮೇಲೆ. ಐದಕ್ಕೆ ನಾಲ್ಕು ಸ್ಟಾರ್. ಪ್ರತಿ ಸಲವೂ ಅಷ್ಟೇ.

18ಕ್ಕೆ ಗ್ಲೋಬಲ್ ಹೆಡ್ ಗ್ರೆಗ್ ಬರುತ್ತಾನಂತೆ. ಎಲ್ಲರಿಗೂ ಅರಗಿನ ಬಣ್ಣದ ಮರದ ನೇಮ್‌ಪ್ಲೇಟ್, ಅವನ ಕೈಯಿಂದಲೇ. ಮ್ಯಾನೇಜರ್ ರುದ್ರಪ್ರಸಾದ್ ಕರೆದು, "ನೀವು ಚನ್ನಪಟ್ಟಣದೋರಲ್ವಾ ಯಶೋಧಾ, ನೀವೇ ಮಾಡ್ಸ್‌ಬುಡಿ. ಸರ್‌ಪ್ರೈಸ್ ಕಣ್ರೀ, ಯಾರ್ಗೂ ಹೇಳ್ಬೇಡಿ" ಅಂದರು.

ವಾಪಸ್ ಬರುವಾಗ ಅತಿಯಾ ಒಂದು ಮಾತು ಎತ್ತಿದಳು. ಅವಳ ಬೀದಿಯ ಸ್ಕೂಲಿನಲ್ಲಿ ಕಂಪ್ಯೂಟರ್ ಟೀಚರ್ ಕೆಲಸ ಇದೆ. 15ರೊಳಗೆ ಹೇಳಬೇಕು.

"ಇಲ್ಲಿ ಜನ ತೆಗೀತಾರಂತೆ. ಹೋಗ್ಲಾ ಅಕ್ಕ, ಇರ್ಲಾ?"

"ಇರು. ಸೀನಿಯರ್ ಪೋಸ್ಟಿಗೆ ನಿನ್ ಹೆಸ್ರು ಕಳ್ಸಿದೀನಿ."

ಕಳಿಸಿದ್ದು ನಿಜ.

ನವೆಂಬರ್ 6, ಗುರುವಾರ

ನೇಮ್‌ಪ್ಲೇಟಿನ ಲಿಸ್ಟ್ ಬಂತು. ಮೂವತ್ತೊಂದು ಹೆಸರು. ಸೆಂಟರಿನಲ್ಲಿ ಇರುವುದು ನಲವತ್ತೆರಡು ಜನ. ಎರಡು ಸಲ ಎಣಿಸಿದೆ. ನನ್ನ ಹೆಸರಿದೆ. ಅತಿಯಾ ಇಲ್ಲ.

ರುದ್ರಪ್ರಸಾದ್ ಕ್ಯಾಬಿನ್‌ಗೆ ಹೋದೆ. "ಸರ್, ಹನ್ನೊಂದು ಹೆಸ್ರು ಬಿಟ್ಟೋಗೈತೆ."

ಎದ್ದು ಬಾಗಿಲು ಹಾಕಿದರು. "ಬಿಟ್ಟೋಗಿಲ್ಲ ಕಣಮ್ಮ, ಅವ್ರ್ನ ತೆಗೀತಾವ್ರೆ. ಮೆಲ್ಬರ್ನ್‌ನಿಂದ್ಲೇ ಬಂದೈತೆ, ನಮ್ ಕೈಲೇನೈತೆ? ಇರೋಷ್ಟು ಮಾಡ್ಸಿ. ವಿಷ್ಯ ಆಚೆ ಹೋದ್ರೆ ನಿಮ್ ಹೆಸ್ರೂ ಉಳಿಯಕಿಲ್ಲ."

ಕೋಪ ಬರಬೇಕಿತ್ತು. ಬರಲಿಲ್ಲ. ಸೀಟಿಗೆ ಬಂದು ಇಪ್ಪತ್ತು ಕ್ಲೇಮ್ ಮುಗಿಸಿದೆ. ಬಸ್ಸಿನಲ್ಲಿ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡಿದ್ದೆ.

ನವೆಂಬರ್ 8, ಶನಿವಾರ

ಮುಜಾಮಿಲ್ ಭಾಯ್ ಬೊಂಬೆ ಅಂಗಡಿ. ತಿರುಗುವ ಹಾಲೆಮರಕ್ಕೆ ಅರಗು ಒತ್ತಿ, ತಾಳೆಗರಿಯಲ್ಲಿ ಉಜ್ಜಿ ಹೊಳಪು ತರುತ್ತಿದ್ದರು. ಫೋನಿನಲ್ಲಿದ್ದ ಲಿಸ್ಟ್ ಓದಲು ಅವರಿಗೆ ಕಣ್ಣು ಹಿಡಿಯುವುದಿಲ್ಲ. ಕಾಗದದಲ್ಲಿ ಬರೆದುಕೊಟ್ಟೆ. ಕೊನೆಗೆ ಅತಿಯಾ ಅಂತ ಸೇರಿಸಿದೆ.

"ಮೂವತ್ತೊಂದು ಅಂದಿದ್ರಲ್ಲಮ್ಮ?"

"ಒಂದು ಮರ್ತಿದ್ದೆ ಭಾಯ್."

ಯೋಚನೆ ಇಷ್ಟೇ. ಪ್ಲೇಟು ಮೇಜಿನ ಮೇಲಿದ್ದರೆ ಗ್ರೆಗ್ ಹೆಸರು ಓದಬೇಕು. ಓದಿದರೆ ಅವಳನ್ನು ಕರೆಯಬೇಕು. ಎಲ್ಲರೆದುರು ಕೈ ಕುಲುಕಿದ ಮೇಲೆ ಯಾವ ಮುಖ ಇಟ್ಟುಕೊಂಡು ತೆಗೆಯುತ್ತಾನೆ... ಅವಳಿಗೆ ನೇರವಾಗಿ ಹೇಳುವುದು ಇದಕ್ಕಿಂತ ಸುಲಭ. ಹೇಳಲು ಹೆದರಿಕೆ. ಅಷ್ಟೇ, ಹೆದರಿಕೆ.

ನವೆಂಬರ್ 14, ಶುಕ್ರವಾರ

ಪ್ಲೇಟು ತರಲು ಹೋದೆ. ಎರಡು ಭಾರದ ಡಬ್ಬ. ದಾರಿಯಲ್ಲಿ ಅತಿಯಾ ಸಿಕ್ಕಳು, ಬೇಡವೆಂದರೂ ಒಂದನ್ನು ಕಿತ್ತುಕೊಂಡಳು. ಮುಚ್ಚಳ ಜಾರಿತು. ಮೇಲೆಯೇ ಇತ್ತು, ಹಳದಿ ಅಂಚಿನದು, ಅವಳ ಹೆಸರು.

"ಅಯ್ಯೋ ಅಕ್ಕ, ನಂದು!" ನಡುಬೀದಿಯಲ್ಲಿ ನಿಂತು ನಕ್ಕಳು. ಬೆರಳಿನಿಂದ ಅಕ್ಷರ ಸವರಿದಳು. "ನಾನೇ ಸುಮ್ನೆ ಹೆದ್ರ್ಕೊಂಡಿದ್ದೆ. ಸ್ಕೂಲಿನೋರ್ಗೆ ಈಗ್ಲೇ ಬ್ಯಾಡ ಅಂದ್‌ಬುಡ್ತೀನಿ."

ಅಲ್ಲೇ ಫೋನ್ ಮಾಡಿದಳು. ನಾನು ಡಬ್ಬ ಹಿಡಿದುಕೊಂಡು ನಿಂತಿದ್ದೆ. ಬಾಯಿ ತೆರೆದೆ. "ಮಳೆ ಬರೋ ಹಂಗೈತೆ" ಅಂದೆ.

ನವೆಂಬರ್ 18, ಮಂಗಳವಾರ

ಗ್ರೆಗ್ ಬಂದ. "ನಮಸ್ಕಾರ ಬೆಂಗಳೂರು" ಅಂದ, ರಾಮನಗರದಲ್ಲಿ ನಿಂತು. ನಾವೆಲ್ಲ ಒಂದೇ ಫ್ಯಾಮಿಲಿ ಅಂದ. ಚಪ್ಪಾಳೆ ತಟ್ಟಿದೆವು, ನಾನೂ ತಟ್ಟಿದೆ. ಪ್ಲೇಟು ಹಂಚಿದ. ಹತ್ತು ಜನರಿಗೆ ಇರಲಿಲ್ಲ. "ನಿಮ್ದು ಆಮೇಲೆ ಬತ್ತದೆ" ಅಂದರು ರುದ್ರಪ್ರಸಾದ್. ಅತಿಯಾಳನ್ನೂ ಕರೆದ. ಕೈ ಕುಲುಕಿದ. ಫೋಟೋ.

ಅರ್ಧ ಗಂಟೆ ಬಿಟ್ಟು ಹನ್ನೊಂದು ಜನರನ್ನು ಟ್ರೇನಿಂಗ್ ರೂಮಿಗೆ ಕರೆದರು. ಹನ್ನೊಂದೇ. ಅವಳೂ. ಕೈ ಕುಲುಕಿದ್ದು ಯಾವ ಲೆಕ್ಕಕ್ಕೂ ಬರಲಿಲ್ಲ.

ಅವಳು ಹೊರಗೆ ಬಂದಾಗ ಕೊರಳಲ್ಲಿ ಐಡಿ ಕಾರ್ಡ್ ಇರಲಿಲ್ಲ. ಕೈಯಲ್ಲಿ ಪ್ಲೇಟು.

"ನನ್ ಹೆಸ್ರು ಇತ್ತಲ್ಲ ಅಕ್ಕ?" ಅಂದಳು. ಮತ್ತೆ ಬಸ್ಸಿನಲ್ಲಿ ಒಂದು ಸಲ: "ಇತ್ತಲ್ಲ?" ಬಿಡದಿಯ ಟೀಚರ್ ಒಬ್ಬರು ಆಗಲೇ ಸ್ಕೂಲಿಗೆ ಸೇರಿದ್ದಾರಂತೆ.

ನಾನು ಕಣ್ಣು ಮುಚ್ಚಿಕೊಂಡೆ.

ನವೆಂಬರ್ 22, ಶನಿವಾರ, ಸಂಜೆ 4

ನಾಲ್ಕು ದಿನ ಏನೂ ಬರೆದಿಲ್ಲ. ಕೆಲಸಕ್ಕೆ ಹೋದೆ, ಬಂದೆ. ಕಿಟಕಿ ಪಕ್ಕದ ಸೀಟಿನಲ್ಲಿ ನಾನೇ ಕೂರುತ್ತಿದ್ದೇನೆ. ಕಂಪನಿ ಪೇಜಿನಲ್ಲಿ ಫೋಟೋ ಹಾಕಿದ್ದಾರೆ. ಮುಂದಿನ ಸಾಲಿನಲ್ಲಿ ಅತಿಯಾ, ನಗುತ್ತಾ. ಟೀಮ್ ಲೀಡ್‌ಗಳೆಲ್ಲ ಲೈಕ್ ಒತ್ತಬೇಕೆಂದು ಮೇಲ್. ಒತ್ತಿದೆ.

ಈಗ ಅವಳ ಮೆಸೇಜ್. ಪ್ಲೇಟಿನ ಹೆಸರು ಕೆರೆಸಲು ಮುಜಾಮಿಲ್ ಭಾಯ್ ಹತ್ತಿರ ಹೋಗಿದ್ದಳಂತೆ. ಅವರು ಕಾಗದ ತೆಗೆದು ತೋರಿಸಿದ್ದಾರೆ. "ನಂದು ನೀವೇ ಬರ್ದಿದ್ದಾ ಅಕ್ಕ? ಲಿಸ್ಟ್‌ನಲ್ಲಿ ಇರ್ಲಿಲ್ವಾ? ಮನೇಲೇ ಇರಿ, ಬತ್ತಿದೀನಿ."

ಇದ್ದೇನೆ. ಕಾಫಿಗೆ ಇಟ್ಟಿದ್ದೇನೆ. ಒಳ್ಳೇದಕ್ಕೇ ಬರೆದೆ ಅನ್ನಬಹುದು. ಅದು ನಿಜವೂ ಹೌದು. ಆದರೆ ಬೀದಿಯಲ್ಲಿ ಅವಳು ಫೋನ್ ಮಾಡುವಾಗ ನಾನು ಮಳೆ ಬರೋ ಹಂಗೈತೆ ಅಂದೆ. ಆ ಹೊತ್ತಿಗೆ ನನಗೆ ಎಲ್ಲವೂ ಗೊತ್ತಿ—

ಗೇಟಿನ ಸದ್ದು