ಮಂಡಿಗೆ ಕಟ್ಟಿದ ಪಟ್ಟಿ

ಶಾಲೆಯ ಸ್ಟಾಫ್ ರೂಮಿನಿಂದ
ಮಂಗಳವಾರ, ಫೆಬ್ರವರಿ ೧೧

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ನಿನ್ನ ಬಿ.ಪಿ., ಭಾವನ ಕೆಮ್ಮು, ಮೊಮ್ಮಗಳ ಹೊಸ ಹಲ್ಲು ಎಲ್ಲ ಹೇಗಿವೆ? ನಾನು ಚೆನ್ನಾಗಿದ್ದೇನೆ ಎಂದು ಬರೆದು ಬರೆದು ಸಾಕಾಗಿದೆ. ಈ ಸಲ ಮುಚ್ಚುಮರೆ ಇಲ್ಲ.

ಸ್ಕಿಪ್ಪಿಂಗ್ ಹಗ್ಗ ಹಿಡಿದು ಎರಡು ಸಲ ಹಾರಿದರೆ ಮೂರನೆಯದಕ್ಕೆ ಉಚ್ಚೆ ಜಿನುಗುತ್ತದೆ ಎಂದು ನಿನಗೊಬ್ಬಳಿಗೇ ಬಾಯಿಬಿಟ್ಟಿದ್ದೆ. ನಿನ್ನ ಅಮೋಘ ಸಲಹೆ ನೆನಪಿದೆಯೆ? "ಹೆತ್ತೋರಿಗೆಲ್ಲ ಇದ್ದದ್ದೇ ಕಣೇ. ನೀರು ಕಡಿಮೆ ಕುಡಿ, ಯಾರಾದ್ರೂ ಕೇಳಿದ್ರೆ ಮಂಡಿನೋವು ಅನ್ನು." ಇಂಥ ವೈದ್ಯೆ ಸಿಕ್ಕ ನಾನೇ ಪುಣ್ಯವಂತೆ. ಈ ಮಹಾ ಡ್ರಿಲ್ ಟೀಚರ್ ಮೂರು ವರ್ಷ ಮಂಡಿಗೆ ಪಟ್ಟಿ ಕಟ್ಟಿಕೊಂಡು ಕುಂಟಿದಳು. ಒಂದೊಂದು ದಿನ ಯಾವ ಕಾಲೆಂದೇ ಮರೆತು ಬಲಗಾಲಿನ ಪಟ್ಟಿ ಎಡಗಾಲಿಗೆ. ಮಕ್ಕಳು ಕಂಡು ಕಿಸಕ್ಕೆಂದವು. ನೀರು ಕುಡಿಯುವುದು ಬಿಟ್ಟಿದ್ದಕ್ಕೆ ಉರಿಮೂತ್ರ ಶುರುವಾಯಿತು, ಬಚ್ಚಲಿಗೆ ಓಡಾಟವೂ ಹೆಚ್ಚಿತು. ಹೆಡ್‌ಮಿಸ್ಟ್ರೆಸ್ ಪಾಪ ನಂಬಿ ಮರುಗಿ, ಮುಂದಿನ ವರ್ಷದಿಂದ ನನ್ನನ್ನು ಲೈಬ್ರರಿಗೆ ಹಾಕುವುದಾಗಿ ಹೇಳಿದರು. ಇಪ್ಪತ್ತೆರಡು ವರ್ಷ ಮೈದಾನದಲ್ಲಿ ಸೀಟಿ ಊದಿದವಳು ಪುಸ್ತಕದ ಧೂಳು ಹೊಡೆಯಬೇಕಂತೆ.

ಮಾರನೆಯ ದಿನವೇ ನಾಚಿಕೆಯನ್ನು ಮನೆಯಲ್ಲಿ ಬಿಟ್ಟು ಡಾಕ್ಟರ ಹತ್ತಿರ ಹೋದೆ. ಆಕೆ ನಗಲಿಲ್ಲ. ಮೂತ್ರ ಪರೀಕ್ಷೆ ಮಾಡಿಸಿ, ಸೋಂಕಿಗೆ ಮಾತ್ರೆ ಕೊಟ್ಟು, ನೀರು ಕುಡಿಯುವುದು ಬಿಡಬೇಡಿ ಎಂದು ಗದರಿಸಿ ಫಿಸಿಯೋ ಬಳಿ ಕಳಿಸಿದರು. ನನ್ನ ಮಗಳ ವಯಸ್ಸಿನ ಆ ಫಿಸಿಯೋ ನನಗೇ ಡ್ರಿಲ್ ಹೇಳಿಕೊಟ್ಟಳು: ಉಚ್ಚೆ ತಡೆಯುವ ಒಳಗಿನ ಸ್ನಾಯು ಬಿಗಿ ಮಾಡಬೇಕು, ಎಣಿಸಬೇಕು, ಸಡಿಲ ಬಿಡಬೇಕು. ನಾನೋ ಹೊಟ್ಟೆ, ತೊಡೆ, ಹಲ್ಲು ಎಲ್ಲ ಬಿಗಿದೆ, ಬೇಕಾದ್ದೊಂದು ಬಿಟ್ಟು. "ಮೇಡಂ, ಮೊದ್ಲು ಉಸಿರಾಡಿ" ಎಂದಳು. ದಿನಾ ಮೂರು ಹೊತ್ತು ಮಾಡುತ್ತ ಮೂರು ತಿಂಗಳಾಯಿತು. ನಿನ್ನೆ ನಲವತ್ತು ಸಲ ಹಾರಿದೆ, ಒಂದು ಹನಿ ಇಲ್ಲ. ಹೆಡ್‌ಮಿಸ್ಟ್ರೆಸ್‌ಗೆ ನಿಜ ಹೇಳಿದೆ. ಅವರು ಎದ್ದು ಬಾಗಿಲು ಹಾಕಿ ಬಂದು, ಮೆಲ್ಲಗೆ ಆ ಫಿಸಿಯೋ ನಂಬರ್ ಕೇಳಿದರು. ಮೈದಾನ ನನಗೇ ಉಳಿಯಿತು.

ಭಾವನಿಗೆ ನಮಸ್ಕಾರ, ಮಗುವಿಗೆ ಮುತ್ತು. ಇಷ್ಟು ಬೈದದ್ದನ್ನೇ ನನ್ನ ಪ್ರೀತಿ ಅಂದುಕೊ.

ನಿನ್ನ ತಂಗಿ

ತಾ.ಕ.: ಮೊಮ್ಮಗಳನ್ನು ಎತ್ತದಿರಲು ನೀನು ಹೇಳುವ ಸೊಂಟನೋವನ್ನು ಭಾವ ನಂಬಲಿ, ನಾನು ನಂಬುವುದಿಲ್ಲ. ಹೋದ ಸಲ ನಿಮ್ಮ ಮನೆಗೆ ಬಂದಾಗ, ನೀನು ಕದ್ದು ಒಗೆದು ಬಾಗಿಲ ಹಿಂದೆ ಒಣಹಾಕಿದ ಲಂಗಗಳನ್ನು ನೋಡಿದ್ದೇನೆ. ಬರುವ ತಿಂಗಳ ಮೊದಲ ಶುಕ್ರವಾರ ಹನ್ನೊಂದು ಗಂಟೆಗೆ ಡಾಕ್ಟರ ಬಳಿ ನಿನ್ನ ಹೆಸರು ಬರೆಸಿದ್ದೇನೆ. ಬಾ. ಮಗು ನಡೆಯಲು ಕಲಿಯುವ ಮೊದಲು ಒಂದು ಸಲವಾದರೂ ಅದನ್ನು ಎತ್ತಿಕೊ.