ಅಜ್ಜಿ ಬಿಟ್ಟ ಒಂದು ವಿಷಯ

ಜುಲೈ ೯, ಗುರುವಾರ. ಭಾಲ್ಕಿ.

ನಾಳೆ ಸಂಜೆಯೊಳಗೆ ಸಿಇಟಿ ಆಪ್ಷನ್ ಎಂಟ್ರಿ ಮುಗಿಸಬೇಕು. ಮೊದಲ ಆಯ್ಕೆ ಬೀದರದಲ್ಲಿ ಕಂಪ್ಯೂಟರ್ ಸೈನ್ಸ್, ಅದು ಗಟ್ಟಿ. ಆದರೆ ಪಿಯುಸಿ ಗಣಿತದಲ್ಲಿ ನಲವತ್ತೊಂದು ತೆಗೆದವಳಿಗೆ ಇದೆಲ್ಲ ಆದೀತೇ ಎಂಬ ಹೆದರಿಕೆ ಬೆಳಗಿನಿಂದ ಬಿಟ್ಟಿಲ್ಲ.

ಧೈರ್ಯಕ್ಕೆಂದು ಚರ್ಚಿನ ಹಳೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಎಂಟೂ ಸೆಮಿಸ್ಟರಿನ ವಿಷಯಗಳನ್ನು ಬರೆದು ಗೋಡೆಗೆ ತೂಗುಹಾಕಿದ್ದೆ. ರೂತಜ್ಜಿ ಸಂಜೆಯ ಪ್ರಾರ್ಥನೆಗೆ ಅದನ್ನೇ ಎದುರಿಗಿಟ್ಟುಕೊಂಡಳು. ಚರ್ಚಿನ ಸಭೆಯ ರೋಗಿಗಳ ಹೆಸರು ಓದುವ ಹಾಗೆ ಒಂದೊಂದೇ ಓದಿದಳು. "ಕರ್ತನೇ, ನಮ್ಮ ಗ್ಲೋರಿಯ ಮೂರನೇ ಸೆಮಿಸ್ಟರಿನ ಡೇಟಾ ಸ್ಟ್ರಕ್ಚರ್ಸ್ ನಿನ್ನ ಕೈಯಾಗ ಕೊಡ್ತೇನಿ." ಪಪ್ಪ ಕಣ್ಣು ಮುಚ್ಚಿಕೊಂಡೇ ನಗು ತಡೆದರು. ಕಂಪೈಲರಿಗೂ ಆಶೀರ್ವಾದ ಸಿಕ್ಕಿತು.

ಆಮೆನ್ ಆದಮೇಲೆ ಹೊಳೆಯಿತು, ಗಣಿತ ಒಂದೇ ಬಿಟ್ಟುಹೋಗಿದೆ.

"ಅಜ್ಜಿ, ಅದನ್ಯಾಕ ಮರ್ತಿ?"

ಮೂವತ್ತು ವರ್ಷ ಮಿಷನ್ ಶಾಲೆಯಲ್ಲಿ ಗಣಿತ ಕಲಿಸಿದವಳು ಕನ್ನಡಕ ಒರೆಸಿಕೊಂಡಳು. "ಮರ್ತಿಲ್ಲ. ಅದಕ್ಕ ದೇವರಿಗಿ ಯಾಕ ತ್ರಾಸ? ನಾ ಇಲ್ಲೇನು? ಮುಂಜಾನಿ ಐದಕ್ಕ ಏಳು."

ಅಲಾರಂ ಇಟ್ಟಿದ್ದೇನೆ. ಪಕ್ಕದ ಕೋಣೆಯಲ್ಲಿ ಅಜ್ಜಿ ಈಗಲೇ ಪೆನ್ಸಿಲ್ ಚೂಪು ಮಾಡುತ್ತಿದ್ದಾಳೆ. ಒಂದಲ್ಲ, ಎರಡು.