ಗವಿಯೊಳಗೆ ರೊಟ್ಟಿ ಗಂಟು ಬಿಚ್ಚಿದ್ದು

ಬನಹಟ್ಟಿ
ತಾ. 12-2-2006

ನನ್ನ ಮುದ್ದಿನ ಸೊಸೆ ವಂದನಾಳಿಗೆ,

ಅತ್ತೆ ಯಲ್ಲಕ್ಕ ತಲೆ ಸವರಿ ಮಾಡುವ ಆಶೀರ್ವಾದ. ಹೇಗಿದ್ದೀ? ಕೂಸಿನ ಕೆಮ್ಮು ಇಳಿಯಿತೇ? ಬಜೆ ತೇದು ನಾಲಿಗೆಗೆ ಸವರಲು ನಿನ್ನ ತಾಯಿಯವರಿಗೆ ನಾನೇನು ಹೇಳಿಕೊಡಬೇಕಾಗಿಲ್ಲ, ಆದರೂ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅನಗವಾಡಿಯಲ್ಲಿ ಬೆಳಗ್ಗೆ ಹಿನ್ನೀರಿನ ಕಡೆಯಿಂದ ತಣ್ಣನೆ ಗಾಳಿ ಬೀಸುತ್ತದೆ. ಯಶೋಧರಾಳ ತಲೆಗೆ ಕುಂಚಿಗೆ ಕಟ್ಟದೆ ಅಂಗಳಕ್ಕೆ ತರಬೇಡ. ಎಂಟು ತಿಂಗಳಿನ ಕೂಸು ಅಂಬೆಗಾಲು ಇಡುತ್ತಿರಬೇಕು. ನಾನು ನೋಡಿಲ್ಲವಲ್ಲ, ಊಹೆಯ ಮೇಲೆ ಬರೆಯುತ್ತಿದ್ದೇನೆ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣು, ಬಾಣಂತಿತನ ಮುಗಿಯಿತೆಂದು ಮೈ ಮರೆಯಬೇಡ.

ಕರೆಂಟು ಹೋಗಿ ಮಗ್ಗ ನಿಂತಿವೆ, ಅದಕ್ಕೇ ಬರೆಯಲು ಕುಳಿತೆ. ಫೋನಿನಲ್ಲಿ ಹೇಳಬಹುದಿತ್ತು. ಆದರೆ ಮಗ್ಗದ ಗದ್ದಲದಲ್ಲಿ ನಾನಿಲ್ಲಿ ಒದರುವುದು, ನೀನಲ್ಲಿ ಹಲೋ ಹಲೋ ಅನ್ನುವುದು, ಕೊನೆಗೆ ಇವಳಿಗೆ ಸಿಟ್ಟು ಬಂದಿದೆ ಎಂದು ಅವಳು, ಅವಳಿಗೆ ಬಂದಿದೆ ಎಂದು ಇವಳು ಇಟ್ಟುಬಿಡುವುದು, ನನಗೆ ಸಾಕಾಗಿದೆ. ದೀಪಾವಳಿಗೆ ನಿನ್ನನ್ನು ಕರೆತರಲು ರಾಜಕುಮಾರನೂ ನಿಮ್ಮ ಮಾವನವರೂ ಬಂದಾಗ ನೀನು ಆಡಿದ ಮಾತು ಈ ಮನೆಯಲ್ಲಿ ಇನ್ನೂ ಸುತ್ತುತ್ತಿದೆ. "ಪಡಸಾಲ್ಯಾಗ ಮಗ್ಗ ಇರೂತನಕಾ ನನ್ನ ಕೂಸಿನ ತೊಟ್ಟಲಾ ಆ ಮನ್ಯಾಗ ಕಟ್ಟಂಗಿಲ್ಲರೀ, ಅದರ ಕಿವಿ ಹಾಳಾಗ್ತಾವು" ಅಂದೆಯಂತೆ. ನಿಮ್ಮ ಮಾವನವರು ಬಂದವರೇ ಟೊಪ್ಪಿಗೆ ತೆಗೆದು ಗೂಟಕ್ಕೆ ಹಾಕುವ ಮೊದಲೇ ಶುರು ಮಾಡಿದರು: "ಮೂವತ್ತು ವರ್ಷಾತು ಈ ಮಗ್ಗದ ಬಾಜೂಕ ನಿಂತೇನಿ. ನನ್ನ ಕಿವಿಗೆ ಏನಾಗೇತಿ? ನೋಡ್ರಿ ನನ್ನ ಕಿವಿ!" ನೋಡದೆ ಏನು ಮಾಡುವುದು, ಆನೆ ಕಿವಿಯಂಥ ಎರಡು ಕಿವಿಗಳು ಅಲ್ಲೇ ಇದ್ದವು. ಗಂಡನ ಕಡೆ ಮಾತಾಡಿದರೆ ಸೊಸೆ ದೂರವಾಗುತ್ತಾಳೆ, ಸೊಸೆಯ ಕಡೆ ಮಾತಾಡಿದರೆ ಈ ಮನುಷ್ಯ ಉಣ್ಣುವ ತಾಟನ್ನೇ ದೂರ ತಳ್ಳುತ್ತಾರೆ. ನಡುವೆ ನನ್ನ ಮಗ ರಾಜಕುಮಾರ ಸೊರಗಿ ಹೋಗಿದ್ದಾನೆ. ನಿನ್ನನ್ನೂ ಕೂಸನ್ನೂ ಈ ಹೊಸ್ತಿಲ ಒಳಗೆ ಹೇಗೆ ತರುವುದು ಎನ್ನುವುದೊಂದೇ ನನ್ನ ಚಿಂತೆ, ಮಲಗಿದರೂ ಎದ್ದರೂ ಅದೇ.

ಇರಲಿ, ಈಗ ಸುದ್ದಿ ಹೇಳುತ್ತೇನೆ. ಪಕ್ಕದ ಓಣಿಯ ಶಂಕರೆಪ್ಪನ ಮನೆಯವರೂ ನಾವೂ ಕೂಡಿ ಬಾಡಿಗೆ ಕ್ರೂಸರ್ ಮಾಡಿಕೊಂಡು ಶ್ರೀಶೈಲಕ್ಕೆ ಹೋಗಿದ್ದೆವು. ನಿಮ್ಮ ಮಾವನವರ ಅಕ್ಕ ಸಾತವ್ವನೂ ಬಂದಿದ್ದರು. ಅವರನ್ನು ಬಿಟ್ಟು ಶ್ರೀಶೈಲಕ್ಕೆ ಹೋದರೆ ಮಲ್ಲಯ್ಯ ಕ್ಷಮಿಸಿಯಾನು, ಅವರು ಕ್ಷಮಿಸುವುದಿಲ್ಲ. ದರ್ಶನ ಛಲೋ ಆಯಿತು. ತಿರುಗಿ ಬರುವಾಗ ರಾಜಕುಮಾರ, "ದೇವರದಾತು, ಒಂದಿನಾ ನಮ್ಮ ಸಲುವಾಗಿ ಇರ್ಲಿ" ಎಂದು ಅದೇ ಸೀಮೆಯ ಒಂದು ದೊಡ್ಡ ಗವಿಗೆ ಕರೆದುಕೊಂಡು ಹೋದ. ಹೆಸರು ನನ್ನ ಬಾಯಿಗೆ ಬರುವುದಿಲ್ಲ. ಬಯಲು ಹೊಲದ ನಡುವೆ ನೆಲದಲ್ಲೊಂದು ಬಾವಿಯಂಥ ಬಾಯಿ, ಮೆಟ್ಟಿಲು ಇಳಿದರೆ ಒಳಗೆ ಒಂದು ಊರೇ ಹಿಡಿಸುವಷ್ಟು ಜಾಗ! ಚೀಟಿ ತೆಗೆಸಿ, ರೊಟ್ಟಿಯ ಗಂಟನ್ನು ಗಾಡಿಯಲ್ಲಿ ಬಿಟ್ಟರೆ ಮಂಗ ಒಯ್ದಾವೆಂದು ಕಂಕುಳಲ್ಲಿ ಇಟ್ಟುಕೊಂಡು ಇಳಿದೆ. ಒಳಗೆ ತಂಪಿರುತ್ತದೆ ಎಂದುಕೊಂಡಿದ್ದೆ. ಎಲ್ಲಿಯ ತಂಪು? ಕುಪ್ಪಸ ಮೈಗೆ ಅಂಟಿಕೊಂಡಿತು. ಹಳದಿ ದೀಪ, ಮೇಲಿನಿಂದ ಇಳಿಬಿದ್ದ ಕಲ್ಲು, ಕೆಳಗಿನಿಂದ ಎದ್ದ ಕಲ್ಲು. ನಮ್ಮ ಜೊತೆ ಬಂದ ಗೈಡು ತೆಲುಗಿನಲ್ಲಿ ಬೆರಳು ಮಾಡಿ ಆನೆ ತೋರಿಸುತ್ತಿದ್ದ, ಹೆಡೆಯೆತ್ತಿದ ಹಾವು ತೋರಿಸುತ್ತಿದ್ದ. ಸಾತವ್ವ ಗುಂಡಗೆ ಕಂಡ ಕಲ್ಲಿಗೆಲ್ಲ ವಿಭೂತಿ ಹಚ್ಚುತ್ತ ಬಂದು ಬೈಸಿಕೊಂಡರು. ನಿಮ್ಮ ಮಾವನವರು ಮಾತ್ರ ಒಂದು ಗೋಡೆಯ ಮುಂದೆ ನಿಂತವರು ಕದಲಲೇ ಇಲ್ಲ. ಕಲ್ಲು ಸೀರೆಯ ನಿರಿಗೆಯ ಹಾಗೆ ಇಳಿದಿತ್ತು. "ಇದರ ಅಂಚು ನೋಡ್ರಲೇ, ಎಂಥಾ ನೇಯ್ಗಿ!" ಎಂದು ಒದರಿದ ದನಿಗೆ ಇಡೀ ಗವಿ ತಿರುಗಿ ನೋಡಿತು. ಮುಟ್ಟಬೇಡ ಎಂದು ಗೈಡು ಹಿಂದಿನಿಂದ ಕೂಗುತ್ತಲೇ ಇದ್ದ, ಇವರು ಕೈಯಾಡಿಸುತ್ತಲೇ ಇದ್ದರು. ಹಟಮಾರಿ ಮುದುಕ ಎಂದುಕೊಂಡಿರಬೇಕು. ನಾನೂ ಹಾಗೇ ಅಂದುಕೊಂಡೆ.

ಇನ್ನೂ ಒಳಗೆ ಹೋದ ಮೇಲೆ ಒಂದು ಅಗಲವಾದ ಜಾಗ ಬಂತು. ಒಂದು ಕಡೆ ಕಂಬಿ ಕಟ್ಟಿದ್ದರು, ಅದರಾಚೆ ಆಳವಾದ ತಗ್ಗು. ಅಲ್ಲಿ ಗೈಡು ಎಲ್ಲರನ್ನೂ ನಿಲ್ಲಿಸಿ ಏನೋ ಉದ್ದಕ್ಕೆ ಹೇಳಿದ. ನಮಗೆ ಒಂದಕ್ಷರ ತಿಳಿಯಲಿಲ್ಲ, ಆದರೂ ಮರ್ಯಾದೆಗೆ ತಲೆ ಅಲ್ಲಾಡಿಸಿದೆವು. ಅಷ್ಟರಲ್ಲಿ ದೀಪಗಳೆಲ್ಲ ಒಮ್ಮೆಲೇ ಆರಿದವು. "ಹೋತು ನೋಡ್ರಿ ಕರೆಂಟು, ಇಲ್ಲಿಗೂ ಬೆನ್ನ ಹತ್ತಿ ಬಂತು" ಅಂದ ಶಂಕರೆಪ್ಪ. ನಮ್ಮ ಮನೆಯಲ್ಲಿ ಬಾಳಿದವಳು ನೀನು, ನಿನಗೆ ಗೊತ್ತಲ್ಲ, ಕರೆಂಟು ಹೋಯಿತೆಂದರೆ ನಮಗೆ ಅದೇ ಊಟದ ಹೊತ್ತು. ಮಗ್ಗ ನಡೆಯುವಾಗ ಎಳೆ ಹರಿದೀತೆಂದು ಕಣ್ಣೆಲ್ಲ ಅಲ್ಲೇ, ನಿಂತಾಗಲೇ ನಾಲ್ಕು ತುತ್ತು. ಒಬ್ಬರಿಗೊಬ್ಬರು ಹೇಳಿಕೊಳ್ಳಲೇ ಇಲ್ಲ, ಬನಹಟ್ಟಿಯ ಜನವೆಲ್ಲ ಆ ಕಗ್ಗತ್ತಲಲ್ಲಿ ನಿಂತಲ್ಲೇ ಚಕ್ಕಳಮಕ್ಕಳ ಹಾಕಿ ಕುಳಿತೆವು. ನಾನು ಗಂಟು ಬಿಚ್ಚಿದೆ. ಶೇಂಗಾ ಹಿಂಡಿಯ ವಾಸನೆ ಗವಿ ತುಂಬ ಹರಡಿತು! ಕತ್ತಲು ಅಂದರೆ ಎಂಥದ್ದು, ಗವಿಯ ಒಳಗಿನ ಸಪ್ಪಳ ಹೇಗಿರುತ್ತದೆ ಎಂದು ತೋರಿಸಲು ಗೈಡು ತಾನೇ ದೀಪ ಆರಿಸಿದ್ದನಂತೆ. ಅದು ನಮಗೆ ಗೊತ್ತಾದದ್ದು ಆಮೇಲೆ.

ಬೇರೆ ಜನ ಉಸಿರು ಹಿಡಿದು ನಿಂತಿದ್ದರು. ಎಲ್ಲೋ ನೀರು ಒಂದೊಂದೇ ಹನಿ ಬೀಳುತ್ತಿತ್ತು. ಅಂಥ ಸದ್ದಿಲ್ಲದ ಜಾಗವನ್ನು ನಾನು ಜನ್ಮದಲ್ಲಿ ಕಂಡಿರಲಿಲ್ಲ, ನನ್ನ ಬಳೆಯ ಸಪ್ಪಳವೇ ನನಗೆ ಹೆಚ್ಚೆನಿಸಿತು. ರೊಟ್ಟಿಯ ಮೇಲೆ ಹಿಂಡಿ ಹಾಕಿ, "ಏನ್ರೀ, ಹಿಡೀರಿ" ಎಂದೆ. ಮಾತಿಲ್ಲ. "ಏನ್ರೀ, ಎಲ್ಲಿ ಅದೀರಿ?" ಅಂದೆ. ಮಾತಿಲ್ಲ. ಸಾತವ್ವ ಹೂಂ ಅಂದರು, ಶಂಕರೆಪ್ಪ ಹೂಂ ಅಂದ, ರಾಜಕುಮಾರ "ಯಾಕವ್ವಾ?" ಅಂದ. ಇವರದೊಂದೇ ದನಿ ಇಲ್ಲ. ಕಂಬಿಯ ಆಚೆಯ ತಗ್ಗು ನೆನಪಾಯಿತು. ಇನ್ನೊಮ್ಮೆ ಕರೆದೆ, ದೊಡ್ಡದಾಗಿ ಕರೆದೆ. ಆಮೇಲೆ ನನಗೇ ತಿಳಿಯದೆ ಅವರ ಹೆಸರು ಹಿಡಿದು ಕೂಗಿಬಿಟ್ಟೆ, ವಂದನಾ. ಮದುವೆಯಲ್ಲಿ ಒಡಪಿನ ಪದದೊಳಗೆ ಸೇರಿಸಿ ಹೇಳಿ ಒಳಗೆ ಬಂದ ಮೇಲೆ ಒಮ್ಮೆಯೂ ಬಾಯಿಂದ ತೆಗೆಯದ ಹೆಸರು, ಈಗ ಬರೆಯಲೂ ಕೈ ಬರುತ್ತಿಲ್ಲ. ಆ ಹೆಸರು ಗವಿಯ ಗೋಡೆ ಗೋಡೆಗೆ ಬಡಿದು ತಿರುಗಿ ಬಂತು. ಗೈಡು ಹೆದರಿ ಪಟಕ್ಕನೆ ದೀಪ ಹಾಕಿದ. ನಿಮ್ಮ ಮಾವನವರು ನನ್ನ ಮುಂದೆಯೇ, ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ, ರೊಟ್ಟಿಗಾಗಿ ಅಂಗೈ ಒಡ್ಡಿಕೊಂಡು ಕುಳಿತಿದ್ದರು! "ತಡಾ ಯಾಕ ಮಾಡ್ತೀ? ಕೊಡು ರೊಟ್ಟಿ. ಎಲ್ಲಾರೂ ನನ್ನ ಮಾರಿ ಯಾಕ ನೋಡಾಕತ್ತೀರಿ?"

ಎಲ್ಲರೂ ನಕ್ಕರು. ಸಾತವ್ವ, "ಗಂಡನ ಹೆಸರು ಹಿಡದು ಒದರ್ತೀಯಲ್ಲಬೇ, ನಾಚಿಕಿ ಬರಂಗಿಲ್ಲೇನು?" ಎಂದು ಗಲ್ಲ ತಿವಿದರು. ಗೈಡು ಬೈಯುತ್ತಲೇ ರೊಟ್ಟಿ ಕಟ್ಟಿಸಿದ. ನಾನು ರಾಜಕುಮಾರನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ನಮ್ಮಿಬ್ಬರಿಗೆ ಮಾತ್ರ ನಗು ಬರಲಿಲ್ಲ.

ಗಾಡಿಯಲ್ಲಿ ಅವರ ಹಿಂದೆ ಕುಳಿತು ಮೆಲ್ಲಗೆ ಕರೆದು ನೋಡಿದೆ. ಕಿಟಕಿಯಾಚೆ ಹೊಲ ನೋಡುತ್ತಲೇ ಇದ್ದರು. ಮುಂದೆ ಬಂದು ಮುಖ ತೋರಿಸಿ ಅದೇ ಮಾತಾಡಿದರೆ ಥಟ್ಟನೆ ಉತ್ತರ. ಮಗ್ಗದ ಮಂದಿ ತುಟಿ ನೋಡಿ, ಕೈ ಸನ್ನೆ ನೋಡಿ ಮಾತಾಡುವುದು ನಮ್ಮಲ್ಲಿ ಹೊಸದೇನಲ್ಲ, ಅದಕ್ಕೇ ನಮಗೆ ಗುರುತು ಹತ್ತಲಿಲ್ಲ. ಎಷ್ಟೋ ವರ್ಷದಿಂದ ದೀಪ ಆರಿಸಿದ ಮೇಲೆ ಇವರು ನನ್ನ ಮಾತಿಗೆ ಉತ್ತರ ಕೊಡುವುದಿಲ್ಲ. ನನ್ನ ಮೇಲೆ ಬೇಸರವಾಗಿದೆ ಎಂದು ಗೋಡೆ ಕಡೆ ತಿರುಗಿ ಮಲಗುತ್ತಿದ್ದೆ, ಎಷ್ಟೋ ಸಲ ಅತ್ತಿದ್ದೇನೆ. ಪಾಪ, ಅವರಿಗೆ ಕೇಳಿಸುತ್ತಿರಲಿಲ್ಲ. ದೀಪಾವಳಿಗೆ ಅಲ್ಲಿಗೆ ಬಂದಾಗ ಕೂಸು ಅವರ ತೊಡೆಯ ಮೇಲೆ ಮಲಗಿ ತಾತಾ ಬೂಬೂ ಎಂದು ಏನೇನೋ ಆಡುತ್ತಿದ್ದರೂ, "ಇದು ಇನ್ನೂ ಸಪ್ಪಳಾನ ಮಾಡಾಂಗಿಲ್ಲಲ್ಲ" ಅಂದರಂತಲ್ಲ, ನಿನ್ನ ತಾಯಿ ಮನಸ್ಸಿಗೆ ಹಚ್ಚಿಕೊಂಡರಂತಲ್ಲ. ಅವರಿಗೆ ತಿಳಿಸಿ ಹೇಳು. ಅದು ಕೊಂಕು ಮಾತಲ್ಲ.

ಬಾಗಲಕೋಟೆಯಲ್ಲಿ ಡಾಕ್ಟರಿಗೆ ತೋರಿಸಿದೆವು. ಹೋದ ಕಿವಿ ತಿರುಗಿ ಬರುವುದಿಲ್ಲವಂತೆ, ಉಳಿದದ್ದಕ್ಕೆ ಮಶೀನು ಹಾಕಿದರೆ ಕೇಳಿಸುತ್ತದಂತೆ. ರಾಜಕುಮಾರನ ಕಿವಿ ಇನ್ನೂ ಗಟ್ಟಿ ಇವೆ, ಮಗ್ಗದ ಮುಂದೆ ನಿಲ್ಲುವಾಗ ಕಿವಿಯಲ್ಲಿ ಇಟ್ಟುಕೊಳ್ಳಲು ರಬ್ಬರಿನ ಬಿರಡೆ ಕೊಟ್ಟಿದ್ದಾರೆ. ನಿಮ್ಮ ಮಾವನವರು ಬಸ್ಸಿನಲ್ಲಿ ಒಂದೇ ಮಾತು ಆಡಿದರು. "ಕೇಳಲಾರದ್ದೂ ಒಂದು ಐತಿ ಅಂತ ನನಗ ಹೆಂಗ ಗೊತ್ತಾಗಬೇಕು?" ಅಂದರು. ನೀನು ಹೇಳಿದ್ದೇ ಖರೆ, ಮಗಳೇ. ಇದನ್ನು ಅವರು ನಿನಗೆ ಹೇಳಲಾರರು, ಅದಕ್ಕೇ ನಾನು ಬರೆದೆ. ಬಾ ಎಂದು ಒತ್ತಾಯ ಮಾಡುವುದಿಲ್ಲ. ನಿನ್ನ ಜಾಗದಲ್ಲಿ ನಾನಿದ್ದರೂ ಕೂಸನ್ನು ತರುತ್ತಿರಲಿಲ್ಲ.

ನಿನ್ನ ತಂದೆ ತಾಯಿಗೆ ನಮ್ಮೆಲ್ಲರ ಶರಣು. ಯಶೋಧರಾಳ ಎರಡೂ ಗಲ್ಲಕ್ಕೆ ನನ್ನ ಮುತ್ತು. ನಿನಗೆ ಮಲ್ಲಯ್ಯನ ಪ್ರಸಾದ ಇದರಲ್ಲೇ ಮಡಚಿ ಇಟ್ಟಿದ್ದೇನೆ, ಹಣೆಗೆ ಹಚ್ಚಿಕೋ.

ನಿನ್ನ ಅತ್ತೆ,
ಯಲ್ಲಕ್ಕ

ತಾ.ಕ.: ಕಾಗದ ಇನ್ನೂ ಡಬ್ಬಿಗೆ ಹಾಕಿರಲಿಲ್ಲ, ಅಷ್ಟರಲ್ಲಿ ಇದು. ಇವತ್ತು ಬೆಳಗ್ಗೆ ನನಗೊಂದು ಮಾತೂ ಹೇಳದೆ ನಿಮ್ಮ ಮಾವನವರು ಮಗ್ಗದ ನಟ್ಟು ಬೋಲ್ಟು ಬಿಚ್ಚಿಸಿ ಟ್ರ್ಯಾಕ್ಟರಿಗೆ ಹೇರಿದರು. ನಾಲ್ಕೂ ಮಗ್ಗ ಶಂಕರೆಪ್ಪನ ಖಾಲಿ ಶೆಡ್ಡಿಗೆ ಹೋದವು. ಪಡಸಾಲೆಯ ತುಂಬ ಎಣ್ಣೆಯ ಕಲೆ, ತಿಕ್ಕಿ ತಿಕ್ಕಿ ನನ್ನ ಕೈ ಬಿದ್ದುಹೋಗಿದೆ. ಕಿವಿಯ ಮಶೀನೂ ಬಂದಿದೆ, ಆದರೆ ಇವರು ಹಾಕಿಕೊಳ್ಳುತ್ತಿಲ್ಲ. "ಮೊದಲ ನನ್ನ ಮೊಮ್ಮಗಳ ದನಿ ಕೇಳಬೇಕು, ಆಮ್ಯಾಲ ನಿಮ್ಮದೆಲ್ಲಾ" ಎಂದು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡೇ ತಿರುಗುತ್ತಿದ್ದಾರೆ. ಒದರಿ ಒದರಿ ನನ್ನ ಗಂಟಲು ಬಿದ್ದಿದೆ. ಸೋಮವಾರ ರಾಜಕುಮಾರ ನಿಮ್ಮನ್ನು ಕರೆಯಲು ಬರುತ್ತಾನೆ. ನೀನು ಬಂದರೆ ಕೂಸನ್ನು ನನ್ನ ಕೈಗೆ ಕೊಡಬೇಡ, ನೇರ ಅವರ ತೊಡೆಯ ಮೇಲೆ ಹಾಕು.